ಪವಿತ್ರ ಎಂದರೆ ಒಗೆದದ್ದು

ಸೋಪಿನ ಪುಡಿಯ ವಾಸನೆ, ಮುಂದಿನ ಬೆಂಚಿನ ಹುಡುಗಿಯ ಸ್ವೆಟರಿನಿಂದ ಬರುತ್ತಿದೆ, ನಿಂಬೆಹಣ್ಣಿನದೆಂದು ಸುಳ್ಳು ಹೇಳುವ ವಾಸನೆ, ನಮ್ಮ ಮನೆಗೆ ತರುವ ಪುಡಿಯೂ ಅದೇ, ಅವಳು ಕೈಯೆತ್ತಿದ್ದಾಳೆ, ಮೇಡಂ, ಪವಿತ್ರ ಅಂದ್ರೆ ಶುದ್ಧ ಅಂತ ಬರ್ಕೊಳ್ಲಾ, ಬೇಡ, ಹಾಗೆ ಮಾತ್ರ ಬರ್ಕೋಬೇಡ — ನನ್ನ ದನಿ ಇಷ್ಟು ಜೋರಾಗಿ ಬಂತೇ, ಹಿಂದಿನ ಬೆಂಚುಗಳು ಎಚ್ಚೆತ್ತಿವೆ, ಅವಳದೇನು ತಪ್ಪು, ಹಾಗಂದುಕೊಂಡೇ ಅಲ್ಲವೇ ಅತ್ತೆ ನಿನ್ನೆ ಅವನ ಅಂಗಿ ಒಗೆದದ್ದು, ನನ್ನ ಗಂಡ ಕೊನೆಯ ಸಲ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದ ಅಂಗಿ, ಬೇರೆಯದು ತೊಟ್ಟು ಹೊರಟವನನ್ನು ರಸ್ತೆ ವಾಪಸ್ಸು ಕೊಡಲಿಲ್ಲ, ಇಡೀ ಮನೆಯಲ್ಲಿ ಅವನ ಮೈ ಉಳಿದಿದ್ದು ಆ ಕಾಲರಿನಲ್ಲಿ ಮಾತ್ರ, ಯಾರೂ ಮುಟ್ಟಬೇಡಿ, ಅದು ನನಗೆ ಪವಿತ್ರ ಅಂದಿದ್ದೆ, ಊಟದ ಮೇಜಿನಲ್ಲಿ, ಪಾಠದ ಪದವನ್ನು ಮನೆಗೆ ಒಯ್ದಿದ್ದೆ, ನಿನ್ನೆ ಸಂಜೆ ಅಂಗಿ ಮುಂದೆ ಹಿಡಿದು ಅತ್ತೆ, ಅಯ್ಯೋ ನೀನೇ ಅಲ್ವೇನೇ ಪವಿತ್ರ ಅಂದಿದ್ದು, ಪವಿತ್ರವಾದದ್ದನ್ನ ಯಾರಾದ್ರೂ ಬೆವರುನಾತದಲ್ಲಿ ಇಡ್ತಾರಾ, ಇಸ್ತ್ರಿನೂ ಮಾಡಿದೀನಿ ನೋಡು, ಹೊಸದರ ಹಾಗಿದೆ, ಹೊಸದರ ಹಾಗೆ! ಬೆಣ್ಣೆಯಿಂದ ಕೂದಲು ತೆಗೆದಂತೆ ಅವನನ್ನು ತೆಗೆದುಬಿಟ್ಟರು, ಬಿಡಮ್ಮ, ಅತ್ತಿಗೆ ಡಾಕ್ಟರೇಟ್ ತಗೊಂಡಿರೋದೇ ಕೊಳೆ ಬಟ್ಟೆ ಮೇಲೆ, ನಾದಿನಿಯ ತಮಾಷೆ, ಯಾರೂ ನಗಲಿಲ್ಲ, ನಾನು ಅಳಲೂ ಇಲ್ಲ.

ಬರೆದುಕೊಳ್ಳಿ, ಮೊದಲಿನ ವಿದ್ವಾಂಸರು ದಿನಬಳಕೆಯಿಂದ ಬೇರೆಯಿಟ್ಟದ್ದು, ಮುಟ್ಟಬಾರದ್ದು ಪವಿತ್ರ ಅಂದರು, ಶುದ್ಧವೋ ಹೊಲಸೋ ಎನ್ನುವುದು ಆಮೇಲಿನ ಮಾತು, ಕೆಲವು ಹಳೆಯ ಭಾಷೆಗಳಲ್ಲಿ ಎರಡಕ್ಕೂ ಒಂದೇ ಪದ — ಕೇಳಿಸಿತೇ ಅತ್ತೆ — ಆಮೇಲೆ ಬಂದವರು ಅಂದರು, ಇಲ್ಲ, ಅದೊಂದು ಅನುಭವ, ಮೈ ನಡುಗಿಸುತ್ತದೆ, ಆದರೂ ಎಳೆಯುತ್ತದೆ, ಈಚಿನವರು ಅದನ್ನೂ ಒಪ್ಪಲಿಲ್ಲ, ಪವಿತ್ರ ತಾನಾಗಿ ಎಲ್ಲೂ ಇಲ್ಲ, ಯಾವುದು ಪವಿತ್ರ ಅಂತ ಹೇಳುವ ಅಧಿಕಾರ ಯಾರ ಕೈಯಲ್ಲಿದೆ ನೋಡಿ ಅಂದರು, ಯಾರ ಕೈಯಲ್ಲಿ, ಸೋಪಿನ ಪುಡಿಯ ಡಬ್ಬ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿ, ನೂರು ವರ್ಷದ ಜಗಳ ಒಂದು ಬಕೆಟ್ ನೀರಿಗೆ ಮುಗಿಯಿತು, ಸಂಜೆ ಹೋಗಿ ಹೇಳಿಬಿಡುತ್ತೇನೆ, ನಿಮ್ಮ ಮಗನನ್ನು ಇನ್ನೊಂದು ಸಲ ಸಾಯಿಸಿದವರು ನೀವು, ಹೇಳಿ ಬಟ್ಟೆ ತುಂಬಿಕೊಂಡು ಹೊರಟುಬಿಡುತ್ತೇನೆ, ಅವರು ಒಬ್ಬರೇ ಇಸ್ತ್ರಿ ಮಾಡಿಕೊಂಡಿರಲಿ, ಬೆಳಗಿನಿಂದ ಈ ಮಾತು ನಾಲಿಗೆಯ ತುದಿಯಲ್ಲಿದೆ, ಉಗುಳದೆ ಬಿಡುವುದಿಲ್ಲ, ಮೇಡಂ, ನಡುಕಾನೂ ಬರತ್ತೆ, ಹತ್ತಿರಾನೂ ಎಳಿಯತ್ತೆ ಅಂದ್ರೆ ಹೇಗೆ, ಒಂದು ಉದಾಹರಣೆ ಕೊಡಿ, ಉದಾಹರಣೆಯೇ, ಕೊಡುತ್ತೇನೆ, ನಿನ್ನೆ ಬೆಳಿಗ್ಗೆ ಬಚ್ಚಲ ಬಾಗಿಲು ಅರ್ಧ ತೆರೆದಿತ್ತು, ನಲ್ಲಿ ನಿಲ್ಸಿ ಅತ್ತೆ ಅಂತ ಕೂಗಿಕೊಂಡೇ ದಾಟಿದ್ದೆ, ಅವರು ಬೆನ್ನು ಹಾಕಿ ನಿಂತಿದ್ದರು, ಏನೋ ಬಟ್ಟೆಯಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಾರೆ ಅಂದುಕೊಂಡೆ — ಒರೆಸಿಕೊಳ್ಳುವವರ ಕೈ ಆಡಬೇಕಲ್ಲ, ಆಡುತ್ತಿರಲಿಲ್ಲ, ಬೆನ್ನು ಮಾತ್ರ ಮೆಲ್ಲಗೆ ಏರಿ ಇಳಿಯುತ್ತಿತ್ತು, ಕೈಯಿಂದ ಜೋತಿದ್ದದ್ದು ತೋಳು, ನೀಲಿ ತೋಳು, ಅವನ ಅಂಗಿಯ ತೋಳು, ಮೇಡಂ, ಉದಾಹರಣೆ, ಕಾಲರಿನಲ್ಲಿ ಹೂತ ಮುಖ, ಅದರ ಪಕ್ಕ ಬಕೆಟ್ಟು ತುಂಬಿ ಚೆಲ್ಲುತ್ತಿತ್ತು, ನಾಲಿಗೆಯ ತುದಿಯಲ್ಲಿ ಏನಿತ್ತು, ಹೂತ ಮುಖ, ಮೇಡಂ, ಹೂತ ಮುಖ