ಸೋಮವಾರದ ಮೊಹರು

"ನೀನೇ ತಾನೇ?" ಎಂದ ಮೀಟರ್ ರೀಡರ್, ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ.

ಹೆಂಡತಿ ಪಾತ್ರೆ ಉಜ್ಜುವುದನ್ನು ನಿಲ್ಲಿಸಲಿಲ್ಲ. "ಏನು ನಾನೇ?"

"ಲೈಬ್ರರೀಲಿ ನನ್ನ ಕಾದಂಬರೀನ ಯಾರೋ ಏಳು ಸಲ ತಗೊಂಡು ಹೋಗಿದ್ದಾರೆ. ನಿನ್ನೆ ನೋಡ್ದೆ. ಚೀಟೀಲಿ ಏಳು ಮೊಹರು."

"ಒಳ್ಳೇದಾಯ್ತಲ್ಲ."

"ಎರಡು ವರ್ಷ ಒಂದೂ ಇರಲಿಲ್ಲ. ಈಗ ನಾಲ್ಕೇ ತಿಂಗಳಲ್ಲಿ ಏಳು. ನನಗೆ ಬೇಜಾರಾಗಬಾರದು ಅಂತ ನೀನೇ..."

"ರೀ, ಮಂಚದ ಕೆಳಗೆ ಇನ್ನೂರು ಕಾಪಿ ಬಿದ್ದಿವೆ, ಪೊರಕೆ ಕೂಡ ಒಳಗೆ ಹೋಗಲ್ಲ. ಅದನ್ನ ಓದೋಕೆ ನಾನು ಬಸ್ ಹತ್ತಿ ಲೈಬ್ರರಿಗೆ ಹೋಗ್ತೀನಾ?"

ಮಾತಿನಲ್ಲಿ ಹುರುಳಿತ್ತು. ಆದರೂ ಅನುಮಾನ ಬಿಡಲಿಲ್ಲ. ದಿನಕ್ಕೆ ನೂರು ಮನೆಯ ಕರೆಂಟ್ ಮೀಟರ್ ನೋಡುವವನು ಅವನು. ಬೇಸಗೆಯಿಡೀ ಫ್ಯಾನು ತಿರುಗಿದ ಮನೆಯಲ್ಲಿ ಅಂಕಿ ಕದಲದಿದ್ದರೆ ಏನರ್ಥವೆಂದು ಗೊತ್ತಿತ್ತು. ಯಾರೂ ಕೇಳದ ಪುಸ್ತಕದಲ್ಲಿ ಅಂಕಿ ಏರಿದರೂ ಅಷ್ಟೇ.

ಸಂಜೆ ಡ್ಯೂಟಿ ಮುಗಿಸಿ ಲೈಬ್ರರಿಗೆ ಹೋದ. ಪುಸ್ತಕ ತೆಗೆದು, ಚೀಟಿಯ ತಾರೀಖುಗಳನ್ನು ಒಂದೊಂದಾಗಿ ಮೊಬೈಲಿನ ಕ್ಯಾಲೆಂಡರಿಗೆ ಹೋಲಿಸಿದ. ಮೂರನೆಯದು ಸೋಮವಾರ. ಐದನೆಯದೂ ಸೋಮವಾರ. ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು: ಸೋಮವಾರ ರಜೆ.

ಪಕ್ಕದ ಕವನ ಸಂಕಲನ ತೆರೆದ. ಅದೇ ಏಳು ತಾರೀಖು. ಅದರಾಚೆಯ ನಾಟಕಕ್ಕೂ ಅವೇ.

ಲೈಬ್ರರಿ ಗುಮಾಸ್ತ ಕೌಂಟರಿನಲ್ಲಿ ಹರಿದ ರಟ್ಟಿಗೆ ಅಂಟು ಹಚ್ಚುತ್ತಿದ್ದ. ಎದುರಿಗೆ ನಿಂತವನೇ ಬರೆದವನೆಂದು ಅವನಿಗೆ ಗೊತ್ತಾಗಲಿಲ್ಲ. ಪುಸ್ತಕದ ಹಿಂಬದಿಯ ಫೋಟೊದಲ್ಲಿ ತಲೆತುಂಬ ಕೂದಲಿತ್ತು.

"ಸೋಮವಾರ ಯಾರ್ರೀ ಪುಸ್ತಕ ಕೊಡೋರು?"

ಗುಮಾಸ್ತ ಚೀಟಿ ನೋಡಿ ನಾಲಿಗೆ ಕಚ್ಚಿಕೊಂಡ. "ನೀವೇನು ಆಡಿಟ್‌ನೋರಾ?"

"ಅಲ್ಲ. ಮೀಟರ್ ನೋಡೋನು."

"ಹಾಗಾದ್ರೆ ಹೇಳ್ತೀನಿ. ವರ್ಷದಲ್ಲಿ ಐದು ಸಲನಾದ್ರೂ ಹೋಗದ ಪುಸ್ತಕಾನ ರದ್ದಿಗೆ ಹಾಕು ಅಂತಾರೆ ಸಾರ್. ಮೂಟೆ ಕಟ್ಟಿ ಎರಡು ಮಹಡಿ ಇಳಿಸೋನು ಯಾರು? ನನ್ನ ಸೊಂಟ ನೋಡಿ ಡಾಕ್ಟರೇ ಕೈಮುಗಿದಿದ್ದಾರೆ. ಅದಕ್ಕೇ ಆ ಸಾಲಿಗೆಲ್ಲ ಒಂದೇ ಸಲ ಮೊಹರು ಕುಟ್ಟಿಬಿಟ್ಟೆ."

"ಅಂದ್ರೆ ಯಾರೂ ಓದಿಲ್ಲ."

"ಅದು ಪುಸ್ತಕಕ್ಕೇನು ಗೊತ್ತಾಗುತ್ತೆ, ಬಿಡಿ."

ವಾಪಸ್ ಇಡಲು ಹೋದವನು ಸುಮ್ಮನೆ ಪುಟ ಮಗುಚಿದ. ಪುಸ್ತಕದ ಐದು ಅಚ್ಚಿನ ತಪ್ಪುಗಳು ಅವನಿಗೆ ಬಾಯಿಪಾಠ. ಮೊದಲನೆಯದು ನಲವತ್ತೊಂದನೇ ಪುಟದಲ್ಲಿ: 'ನಾಯಿ ಮಗನ ತಲೆ ಸವರಿದಳು.' ಯಾರೋ ಪೆನ್ಸಿಲಿನಲ್ಲಿ 'ನಾ' ಹೊಡೆದುಹಾಕಿ, ಮೇಲೆ ಸಣ್ಣದಾಗಿ 'ತಾ' ಎಂದು ಬರೆದಿದ್ದರು.

ತಿರುಗಿ ನೋಡಿದ. ಗುಮಾಸ್ತನ ಕೈಯಲ್ಲಿ ಅಂಟಿನ ಕುಂಚವಿತ್ತು, ಅಷ್ಟೇ.

ಐವತ್ತೆಂಟನೇ ಪುಟಕ್ಕೆ ಹಾರಿದ. 'ಅವಳ ಹಣ್ಣು ತುಂಬಿ ಬಂತು.' ಹಣ್ಣು ಹಣ್ಣಾಗಿಯೇ ಇತ್ತು, ಕಣ್ಣಾಗಿರಲಿಲ್ಲ. ಮುಂದಿನ ಮೂರು ತಪ್ಪುಗಳನ್ನೂ ಯಾರೂ ಮುಟ್ಟಿರಲಿಲ್ಲ. ಓದಿದವರು ನಡುವೆ ಎಲ್ಲೋ ಕೈಬಿಟ್ಟಿದ್ದರು. ಒಂದೊಂದೇ ಹಾಳೆ ಹಿಂದಕ್ಕೆ ಸರಿಸಿದ. ನಲವತ್ತೇಳನೇ ಪುಟದ ಮೂಲೆ ಮಡಚಿತ್ತು.

ಕುರ್ಚಿ ಎಳೆದು ಕೂತು ಆ ಪುಟ ಓದಿದ. ಮತ್ತೆ ಮೊದಲ ಸಾಲಿನಿಂದ ಓದಿದ. ಗುಮಾಸ್ತ ಒಂದೊಂದೇ ಫ್ಯಾನು ಆರಿಸುತ್ತಾ ಬಂದು ಅವನ ತಲೆಯ ಮೇಲಿನದನ್ನೂ ಆರಿಸಿದ. ಅವನು ಬೆರಳಿಗೆ ಎಂಜಲು ಹಚ್ಚಿ ಹಾಳೆಯ ಅಂಚಿನ ಮೇಲಿಟ್ಟ, ಮಗುಚಲಿಲ್ಲ.