ಹೊರಗಿನ ಚಿಲಕ

ಶಹಾಪುರದ ಹೊರಗಿನ ಒಂದು ಹತ್ತಿ ಮಿಲ್ಲಿನಲ್ಲಿ ಕರೆಮ್ಮ ಹತ್ತಿಯಿಂದ ಕಸ ಆರಿಸುವ ಕೆಲಸಕ್ಕಿದ್ದಳು. ಬೆಳಗಿನ ಆರಕ್ಕೆ ಅಲ್ಲಿರಬೇಕು. ಗಂಡ ಚಂದ್ರಾಮಪ್ಪ ಲಾರಿ ಓಡಿಸುತ್ತ ವಾರಗಟ್ಟಲೆ ಊರಿಗೆ ಬರುತ್ತಿರಲಿಲ್ಲ. ಮನೆಯಲ್ಲಿ ಉಳಿಯುವವಳು ಅತ್ತೆ ಮರಿಲಿಂಗಮ್ಮ ಒಬ್ಬಳೇ. ಮುದುಕಿಗೆ ಮರೆವು ಹತ್ತಿತ್ತು. ಬೆಳಕು ಹರಿದರೆ ಸಾಕು, ಎಂದೋ ಮಾರಿಹೋದ ಆಡುಗಳನ್ನು ಮೇಯಿಸಲು ಹೊರಡುತ್ತಿದ್ದಳು. ಗುಡ್ಡದ ಕಡೆಯ ಕಾಲುದಾರಿ ಅವಳಿಗೆ ನೆನಪಿತ್ತು. ಅದಕ್ಕೆ ಅಡ್ಡವಾಗಿ ಕಾಲುವೆ ಬಂದದ್ದು ನೆನಪಿರಲಿಲ್ಲ.

ಪಕ್ಕದ ಮನೆಯ ಚಾಂದಬೀ ಕಾಯಿಪಲ್ಯ ಮಾರಿ ಎಂಟೂವರೆಯ ಸುಮಾರಿಗೆ ತಿರುಗಿ ಬರುತ್ತಿದ್ದಳು. ಆಮೇಲೆ ಮುದುಕಿಯನ್ನು ತಾನು ನೋಡಿಕೊಳ್ಳುವುದಾಗಿ ಹೇಳಿದ್ದಳು. ಅದನ್ನು ನಂಬಿ ಕರೆಮ್ಮ ಮಿಲ್ಲಿನ ಮುನೀಮ ಮಲ್ಕಪ್ಪನನ್ನು ಕೇಳಿದಳು.

"ಒಂಬತ್ತಕ್ಕ ಬರ್ತೀನ್ರಿ. ಸಂಜಿಗಿ ಎಲ್ಲಾರೂ ಹೋದ ಮ್ಯಾಲೂ ನಿಂತು ಕೆಲಸ ಮುಗಿಸಿ ಹೋಗ್ತೀನಿ."

"ಸಾವ್ಕಾರ್ರಿಗಿ ಕೇಳಿ ಹೇಳ್ತೀನಿ," ಎಂದ ಮಲ್ಕಪ್ಪ.

ಜೋಳ ತೆನೆ ಕಟ್ಟುವಾಗ ಕೇಳಿದ್ದಳು. ರಾಶಿ ಮುಗಿಯುತ್ತ ಬಂದರೂ ಉತ್ತರ ಬರಲಿಲ್ಲ. ಮತ್ತೆ ಕೇಳಲು ಅಂಜಿಕೆ. ಹಿಂದಿನ ಹಂಗಾಮಿನಲ್ಲಿ ಮೇಲಿಂದ ಮೇಲೆ ರಜೆ ಕೇಳಿದ ಜೊತೆಗೆಲಸದ ಶೇಖಮ್ಮನಿಗೆ, ನಾಳೆಯಿಂದ ಬರಬೇಡ ಅಂದುಬಿಟ್ಟಿದ್ದರು. ಹಾಗಾಗಿ ಕರೆಮ್ಮ ದಿನಾ ಬೆಳಿಗ್ಗೆ ಹೊರಗಿನಿಂದ ಚಿಲಕ ಹಾಕಿ ಹೋಗುತ್ತಿದ್ದಳು; ಚಾಂದಬೀ ಬಂದ ಮೇಲೆ ತೆಗೆಯುತ್ತಿದ್ದಳು. ಒಳಗಿಂದ ಅತ್ತೆ ಬಾಗಿಲು ಬಡಿಯುವುದು ಓಣಿಯ ತಿರುವಿನವರೆಗೂ ಕೇಳುತ್ತಿತ್ತು. ಮಿಲ್ಲಿನಲ್ಲಿ ಯಾರಾದರೂ ಗಟ್ಟಿಯಾಗಿ ಕೂಗಿದರೆ ಅವಳ ಕೈ ಹತ್ತಿಯಲ್ಲೇ ನಿಂತುಬಿಡುತ್ತಿತ್ತು. ಒಲೆಯ ಕೆಂಡ ಆರಿಸಿದ್ದೆನೋ ಇಲ್ಲವೋ ಎಂಬ ಭಯ ಒಂದು ದಿನ. ಅತ್ತೆ ಎಡವಿ ಬಿದ್ದಿರಬಹುದೆಂಬ ಭಯ ಇನ್ನೊಂದು ದಿನ.

ಕೊನೆಗೊಂದು ಬೆಳಿಗ್ಗೆ ಚಾಂದಬೀ ಏದುಸಿರು ಬಿಡುತ್ತ ಮಿಲ್ಲಿನ ಗೇಟಿಗೇ ಬಂದಳು.

"ಮುದುಕಿ ಮನ್ಯಾಗಿಲ್ಲ ಕರೆಮ್ಮ. ಬಾಗಿಲಾ ಬಡಿದು ಅಳಾಕತ್ತಿದ್ಳಂತ. ದಾರ್ಯಾಗ ಹೋಗೋರು ಯಾರೋ ಕನಿಕರ ಬಂದು ಚಿಲಕ ತೆಗೆದಾರ."

ಇಬ್ಬರೂ ಕಾಲುವೆಯ ಕಡೆಗೆ ಓಡಿದರು. ಏರಿ ಹತ್ತಿದಾಗ ಮರಿಲಿಂಗಮ್ಮ ಕಾಣಿಸಿದಳು. ಕಲ್ಲು ಹಾಸಿದ ಇಳಿಜಾರಿನ ಕೊನೆಯಲ್ಲಿ, ಪಾದ ಮುಳುಗುವಷ್ಟು ನೀರಿನಲ್ಲಿ ನಿಂತಿದ್ದಳು. ಇನ್ನೊಂದು ಹೆಜ್ಜೆ ಇಟ್ಟರೆ ಆಳ. ನೀರು ತುಂಬಿ ಹರಿಯುತ್ತಿತ್ತು. ಚಾಂದಬೀ ಕೂಗಲು ಬಾಯಿ ತೆರೆದಳು. ಕರೆಮ್ಮ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. ಬೆಚ್ಚಿದರೆ ಮುದುಕಿ ಜಾರುತ್ತಾಳೆ.

"ಅತ್ತಿ," ಎಂದಳು ಮೆಲ್ಲಗೆ, "ಆಡು ಮನಿಗಿ ಬಂದಾವ್ರಿ."

ಮರಿಲಿಂಗಮ್ಮ ತಿರುಗಲಿಲ್ಲ. "ಕರೀದು?"

"ಅದೂ ಬಂದೈತ್ರಿ. ಯಾರ ಕೈಗೂ ಸಿಗವಲ್ದು. ಕಟ್ಟಾಕ ನೀವ ಬರಬೇಕು."

ಹೇಳುತ್ತಲೇ ಕರೆಮ್ಮ ಕುಂಡಿ ಊರಿ ಪಾಚಿಗಲ್ಲಿನ ಮೇಲೆ ಇಂಚಿಂಚೇ ಸರಿದಳು. ಮೇಲಿನಿಂದ ಚಾಂದಬೀ ಅವಳ ಸೆರಗನ್ನು ಮುಂಗೈಗೆ ಸುತ್ತಿ ಹಿಡಿದಿದ್ದಳು. ಮುದುಕಿ ತಿರುಗುವಾಗ ಒಂದು ಕಾಲು ಜಾರಿತು. ಕರೆಮ್ಮನ ಕೈಗೆ ಆಕೆಯ ರಟ್ಟೆ ಸಿಕ್ಕಿತು. ಏರಿಯ ಮೇಲೆ ಬಂದು ಕೂತ ಮೇಲೂ ಆ ರಟ್ಟೆ ಬಿಡಲು ಅವಳಿಗೆ ಆಗಲಿಲ್ಲ.

ಮರುದಿನ ಅತ್ತೆಯ ಕೈ ಹಿಡಿದುಕೊಂಡೇ ಮಿಲ್ಲಿಗೆ ಹೋದಳು. ಮಲ್ಕಪ್ಪ ತಡೆದ. ಸಾವ್ಕಾರರು ಏನಂದರು ಎಂದು ಕೇಳಿದ್ದಕ್ಕೆ ತಲೆ ತಗ್ಗಿಸಿದ.

"ನಾ ಹೇಳೇ ಇಲ್ಲವ್ವ. ಒಬ್ಬಾಕಿ ಸಲುವಾಗಿ ಕೇಳಿದ್ರ ನಾಳಿ ಎಲ್ಲಾರೂ ಹಿಂಗ ಕೇಳಾಕ ಬರ್ತಾರಂತ ಸಾವ್ಕಾರ್ರು ನನಗ ಬೈತಾರ. ಅಂಜಿ ಸುಮ್ಮನಾದೆ."

ಕರೆಮ್ಮ ಅವನ ಜೊತೆ ಜಗಳಕ್ಕೆ ನಿಲ್ಲಲಿಲ್ಲ. ಅವನನ್ನು ದಾಟಿ ಮಾಲೀಕ ಬಸವಂತರಾಯರ ಕೋಣೆಗೆ ಹೋಗಿ ಎಲ್ಲ ಹೇಳಿದಳು. ಅವರು ಕೇಳಿಸಿಕೊಂಡು, "ನೋಡೂಣು," ಎಂದರು.

"ನೋಡೂಣು ಅನಬ್ಯಾಡ್ರಿ ಸಾವ್ಕಾರ್ರ. ಆಗಂಗಿಲ್ಲಂದ್ರ ಈಗ ಹೇಳ್ರಿ, ಬ್ಯಾರೆ ಕಡೆ ಕೂಲಿ ನೋಡ್ತೀನಿ. ಇನ್ನ ಆ ಚಿಲಕ ಹಾಕೂದು ನನ್ನ ಕೈಲಿ ಆಗಂಗಿಲ್ಲ."

ಬಸವಂತರಾಯರು ಮುದುಕಿಯನ್ನು ನೋಡಿದರು. ಆಕೆ ಕುರ್ಚಿಯ ಕಾಲಿಗೆ ಸೆರಗಿನ ತುದಿ ಕಟ್ಟುತ್ತ ಕೂತಿದ್ದಳು.

"ಈ ಹಂಗಾಮ ಮುಗಿಯೂತನ ಒಂಬತ್ತಕ್ಕ ಬಾ," ಎಂದರು. "ಮುಂದಿಂದು ಈಗ ಹೇಳಂಗಿಲ್ಲ."

ಮಾರನೆಯ ದಿನ ಚಾಂದಬೀ ಬರುವವರೆಗೆ ಕರೆಮ್ಮ ಮನೆಯಲ್ಲೇ ಇದ್ದು, ಅತ್ತೆಯ ತಲೆ ಬಾಚಿ ಜಡೆ ಹಾಕಿದಳು. ಹೊರಡುವಾಗ ಬಾಗಿಲು ತೆರೆದೇ ಇತ್ತು; ಹೊಸ್ತಿಲಲ್ಲಿ ಚಾಂದಬೀ ಕೂತಿದ್ದಳು. ಓಣಿಯ ತಿರುವಿನವರೆಗೂ ಹಿಂದೆ ತಿರುಗಿ ನೋಡುತ್ತಲೇ ಹೋದಳು.