ಟ್ರಯಲ್ ಮೂಲೆಯ ಸುರಂಗ

ಇದನ್ನು ಹೇಳಲು ನನಗೆ ಎಷ್ಟು ಹಕ್ಕಿದೆಯೋ ತಿಳಿಯದು. ರೈಲು ಮಾವನದು, ಗೋಡೆ ಅತ್ತಿಗೆಯದು, ನನ್ನದು ನಡುವಿನ ಮುಚ್ಚುಮರೆ ಮಾತ್ರ. ಸಂಜೆ ತರಗತಿಯಲ್ಲಿ, ಅದೂ ನಡುವೆ ಎರಡು ಸಲ ಬಿಟ್ಟು, ಹೇಗೋ ಪಾಸಾದವಳು ನಾನು. ಬರವಣಿಗೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಮೊದಲು ಜಾಗ ಹೇಳಿಬಿಡುತ್ತೇನೆ. ಮುಂದಿನ ಕೋಣೆ ನನ್ನ ಗಂಡನ ಅಕ್ಕನ, ಅಂದರೆ ಅತ್ತಿಗೆಯ, ಹೊಲಿಗೆ ಅಂಗಡಿ. ಎರಡು ಮಿಷನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೂಲೆಯಲ್ಲಿ ಪರದೆ ಎಳೆದು ಮಾಡಿದ ಟ್ರಯಲ್ ರೂಮು. ಅಲ್ಲಿ ಕಾಜಾ ಹಾಕುವುದು ನನ್ನ ಕೆಲಸ, ಅಂದರೆ ಗುಂಡಿ ತೂರುವ ತೂತನ್ನು ಕತ್ತರಿಸಿ ಅಂಚಿಗೆ ದಾರ ಸುತ್ತುವುದು. ಹಾಗಾಗಿ ಮನೆಯಲ್ಲಿ ನನ್ನನ್ನು ಕರೆಯುವುದೇ ಕಾಜಾ ಎಂದು. ಟ್ರಯಲ್ ಮೂಲೆಯ ಗೋಡೆಯಾಚೆ ಹಿಂದಿನ ಕೋಣೆ. ಅದರ ತುಂಬ ಮಾವನ ಪುಟ್ಟ ರೈಲು. ಆಟದ ರೈಲು ಎಂದರೆ ಅವರಿಗೆ ಸಿಟ್ಟು. ಮಾದರಿ ರೈಲು ಎನ್ನಬೇಕು. ನನ್ನ ಗಂಡ ಈ ಕಥೆಯಲ್ಲಿ ಬರುವುದಿಲ್ಲ, ಆ ವಾರ ಅವರು ಲಾರಿ ಡ್ಯೂಟಿ ಮೇಲೆ ಹೊರಗಿದ್ದರು.

ಮಾವ ಮೂವತ್ತಾರು ವರ್ಷ ಸಿಗ್ನಲ್ ಕ್ಯಾಬಿನ್ನಿನಲ್ಲಿ ಕೂತವರು. ನಿವೃತ್ತಿಯಾದ ಮೇಲೆ ಹಿಂದಿನ ಕೋಣೆಯಲ್ಲಿ ನೆಲದಿಂದ ಗೇಣೆತ್ತರಕ್ಕೆ ಹಲಗೆ ಹಾಸಿ ಹಳಿ ಹಾಕಿದರು. ಒಂದು ತುದಿಯಲ್ಲಿ ರೈಲು ಸಲೀಸಾಗಿ ತಿರುಗಿತು. ಇನ್ನೊಂದು ತುದಿಯಲ್ಲಿ ತಿರುಗಲು ಜಾಗ ಸಾಲಲಿಲ್ಲ. ಅತ್ತಿಗೆ ಊರಲ್ಲಿಲ್ಲದ ದಿನ ನೋಡಿಕೊಂಡು ಮಾವ ಗೋಡೆಗೆ ಎರಡು ಗೇಣಗಲದ ತೂತು ಕೊರೆದರು. ರೈಲು ಅದರೊಳಗೆ ಹೋಗಿ, ಟ್ರಯಲ್ ಮೂಲೆಯಲ್ಲಿ ಗಿರಾಕಿಗಳು ಕೂರುವ ಬೆಂಚಿನ ಕೆಳಗೆ ತಿರುಗಿ, ಅದೇ ತೂತಿನಿಂದ ಪಕ್ಕದ ಹಳಿಯ ಮೇಲೆ ವಾಪಸು ಬರುತ್ತಿತ್ತು.

ಅತ್ತಿಗೆ ಒಂದು ತಿಂಗಳು ಹಲ್ಲುಕಚ್ಚಿ ಸಹಿಸಿದರು. ಆಮೇಲೆ ಒಂದು ಸೋಮವಾರ, ಒಂದೇ ತೋಳು ಹಾಕಿಕೊಂಡಿದ್ದ ಗಿರಾಕಿಯೊಬ್ಬರು ಪರದೆ ಸರಿಸಿ ಹೊರಗೆ ಓಡಿ ಬಂದರು. ಗೋಡೆಯ ಬುಡದಿಂದ ಒಂದು ಕಣ್ಣು ತಮ್ಮನ್ನೇ ನೋಡುತ್ತಾ ಹತ್ತಿರ ಬಂತು ಎಂದರು. ಅದು ಇಂಜಿನ್ನಿನ ದೀಪ. ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ. ಅಳತೆ ಕೊಟ್ಟ ಬಟ್ಟೆಯನ್ನೂ ವಾಪಸು ತೆಗೆದುಕೊಂಡು ಹೋದರು.

"ಅಪ್ಪಾ, ಮುಗೀತು. ಶನಿವಾರ ಸಂಜೆ ಗಾರೆಯವನಿಗೆ ಬರಹೇಳಿದೀನಿ," ಎಂದರು ಅತ್ತಿಗೆ.

"ತೂತು ಮುಚ್ಚಿದ್ರೆ ಗಾಡಿ ಹೋದ ದಾರೀಲೇ ಹಿಂದಕ್ಕೆ ಬರ್ಬೇಕು. ಅದು ರೈಲಲ್ಲ ಕಣೇ, ಮಲಗಿಸಿದ ಲಿಫ್ಟು."

"ಲಿಫ್ಟಾದ್ರೂ ಬಟ್ಟೆ ಬದಲಾಯಿಸೋರನ್ನ ಇಣುಕಿ ನೋಡಲ್ಲ."

ಮಾವ ಸ್ಟೂಲಿನ ಮೇಲೆ ಕೂತು ಇಂಜಿನ್ನಿನ ಚಕ್ರವನ್ನು ಒರೆಸತೊಡಗಿದರು. ಅದು ಆಗಲೇ ಚೊಕ್ಕವಾಗಿತ್ತು. ನನಗೆ ತಡೆಯಲಾಗಲಿಲ್ಲ. "ಅತ್ತಿಗೆ, ಎರಡೂ ಕಡೆ ತೂತು ಕಾಣದ ಹಾಗೆ ಮಾಡಿದ್ರೆ?" ಎಂದು ಕೇಳಿಬಿಟ್ಟೆ. 

"ಜೀವಮಾನವೆಲ್ಲ ತೂತು ಮಾಡಿದೋಳು ನೀನು. ಮುಚ್ಚೋಕೆ ಬರುತ್ತಾ?" ಎಂದು ಅತ್ತಿಗೆ ನಕ್ಕರು. ನಕ್ಕ ಮೇಲೆ ಸ್ವಲ್ಪ ಮೆತ್ತಗಾದರು. "ಸರಿ. ಶನಿವಾರ ಬೆಳಿಗ್ಗೆ ಹೆಡ್‌ಮೇಡಂ ಬರ್ತಾರೆ. ಶಾಲೆಯ ಹಾಡುಗಾರರ ತಂಡದ ಇಪ್ಪತ್ತನಾಲ್ಕು ಕೋಟಿನ ಆರ್ಡರು ಅವರ ಕೈಲಿದೆ. ಮೊದಲು ಅವರ ಕೋಟು ಟ್ರಯಲ್ಲು. ಆ ಗೋಡೆ ಬಗ್ಗೆ ಅವರು ಒಂದು ದೂರು ಹೇಳಿದ್ರೂ ಸಾಕು, ಗಾರೆ."

"ಆಗ ಗಾಡಿ ನಿಲ್ಲಿಸಿರ್ತೀವಿ," ಎಂದೆ.

"ನಿಲ್ಲಿಸಿದ್ರೆ ಪರೀಕ್ಷೆ ಏನು ಬಂತು? ಓಡ್ತಾನೇ ಇರ್ಲಿ."

ಮೊದಲ ದಿನ ನಾನು ಮಾಡಿದ್ದು ಶುದ್ಧ ದಡ್ಡತನ. ಹಿಂದಿನ ಕೋಣೆಯ ಕಡೆಯಿಂದ ತೂತಿನ ಸುತ್ತ ರಟ್ಟಿನಲ್ಲಿ ಕಲ್ಲಿನ ಕಮಾನು ಕತ್ತರಿಸಿ ಅಂಟಿಸಿದೆ. ಅತ್ತಿಗೆ ಬಂದು ನೋಡಿ, "ಇಲಿ ಬಿಲಕ್ಕೆ ಫ್ರೇಮು ಹಾಕಿಸಿದ ಹಾಗಿದೆ," ಎಂದರು. ಮಾವನೂ ನಕ್ಕರು, ಆಮೇಲೆ ಪಾಪ ಅನ್ನಿಸಿ ಕೆಮ್ಮಿದರು.

ತೂತನ್ನು ನೇರವಾಗಿ ನೋಡಿದರೆ ಅದು ತೂತಾಗಿಯೇ ಕಾಣುತ್ತದೆ ಎಂದು ಆಗ ಗೊತ್ತಾಯಿತು. ಅದನ್ನು ನೆರಿಗೆಯೊಳಗೆ ಇಡಬೇಕು. ಕೋಟಿನ ಗುಂಡಿಪಟ್ಟಿಯ ಒಳಗೆ ಕಾಜಾ ಅಡಗಿಸುವುದಿಲ್ಲವೇ, ಹಾಗೆ. ಕಾಲರಿಗೆ ಹಾಕಿ ಉಳಿದ ಕ್ಯಾನ್ವಾಸಿನಿಂದ ಮೂರು ಬೆಟ್ಟ ಕತ್ತರಿಸಿ ಗೋಂದು ಬಳಿದು ನಿಲ್ಲಿಸಿದೆ, ಒಂದರ ಹಿಂದೆ ಒಂದು, ಅಂಚಿನ ಮೇಲೆ ಅಂಚು ಬರುವಂತೆ. ಮುಂದಿನದಕ್ಕೆ ಗಾಢ ಹಸಿರು, ನಡುವಿನದಕ್ಕೆ ಬೂದು ಬೆರೆಸಿದ ಹಸಿರು, ಹಿಂದಿನದಕ್ಕೆ ಇದೆಯೋ ಇಲ್ಲವೋ ಎನ್ನುವಂಥ ನೀಲಿ. ದೂರದ್ದೆಲ್ಲ ಬಣ್ಣ ಕಳೆದುಕೊಳ್ಳುತ್ತದೆ ಎಂದು ಸಂಜೆ ತರಗತಿಯ ಚಿತ್ರದ ಮೇಷ್ಟ್ರು ಹೇಳಿದ್ದರು. ಹಳಿ ಮೊದಲ ಬೆಟ್ಟದ ಹಿಂದೆ ಓರೆಯಾಗಿ ಹೊಕ್ಕು, ಎರಡನೆಯದರ ಮರೆಯಲ್ಲಿ ತೂತು ಸೇರಬೇಕು. ಮೇಲೊಂದು ಸೇತುವೆ, ಪಕ್ಕದಲ್ಲಿ ಹಸಿರು ಉಲ್ಲನ್ನು ಬಿಡಿಸಿ ಮಾಡಿದ ಮರಗಳು. ತೂತಿನ ಒಳಗೆ ಕೋಟಿನ ಒಳಗೆ ಹಾಕುವ ಕರಿ ಅಸ್ತರನ್ನು ತೋಳಿನ ಹಾಗೆ ಹೊಲಿದು ತೂರಿಸಿದೆ. ಹಿಂದಿನ ಕೋಣೆಯ ದೀಪದ ಬೆಳಕು ಆ ಕಡೆಗೆ ಸೋರುವುದು ನಿಂತಿತು.

ಗುರುವಾರ ಮಾವ ಗಾಡಿ ಬಿಟ್ಟರು. ಅದು ಸೇತುವೆಯ ಕೆಳಗೆ ನುಗ್ಗಿತು, ಬೆಟ್ಟದ ಹಿಂದೆ ಬಾಗಿತು, ಇಲ್ಲವಾಯಿತು. ಮಾವ ಸ್ಟೂಲಿನಿಂದ ಎದ್ದು ನಿಂತು ಕತ್ತು ಚಾಚಿದರು.

"ಎಲ್ಲಿಗೆ ಹೋಯ್ತಮ್ಮ?"

"ಬೆಂಚಿನ ಕೆಳಗೆ, ಮಾವ. ನೀವೇ ತೂತು ಕೊರೆದದ್ದು."

"ಅದು ಗೊತ್ತು. ಎಲ್ಲಿಗೆ ಹೋಯ್ತು ಅಂತ ಕೇಳ್ದೆ." ಆಮೇಲೆ ಮೆಲ್ಲಗೆ ಹೇಳಿದರು: "ಕ್ಯಾಬಿನ್ನಿನಿಂದ ನೋಡಿದ್ರೂ ಹೀಗೇ ಇತ್ತು. ತಿರುವಿನವರೆಗೆ ನನ್ನ ಗಾಡಿ. ಆಮೇಲೆ ಯಾರದೋ."

ಆ ಮಾತು ಕೇಳಿದ ಮೇಲೆ ನನಗೆ ಶನಿವಾರದ ಭಯ ಇಮ್ಮಡಿಯಾಯಿತು. ಟ್ರಯಲ್ ಮೂಲೆಯಲ್ಲಿ ಬೆಂಚಿನ ಮುಂದೆ ನೆರಿಗೆ ಬಟ್ಟೆ ಇಳಿಬಿಟ್ಟೆ. ಸಾಲದು ಅನ್ನಿಸಿತು. ಕೆಳಗೆ ಸದ್ದಾದರೆ ಕಣ್ಣು ಕೆಳಗೇ ಹೋಗುತ್ತದೆ. ಬಚ್ಚಿಡುವುದರ ಜೊತೆಗೆ ನೋಡುವವರ ಕಣ್ಣಿಗೆ ಬೇರೆ ಕಡೆ ಕೆಲಸ ಕೊಡಿ ಎಂದೂ ಚಿತ್ರದ ಮೇಷ್ಟ್ರು ಹೇಳಿದ್ದರು. ಹಾಗಾಗಿ ಶುಕ್ರವಾರ ಬೆಂಚಿನ ಮೇಲಿನ ಗೋಡೆಯಲ್ಲಿ, ಎದೆಯೆತ್ತರಕ್ಕೆ, ಒಂದು ಕಿಟಕಿ ಬರೆದೆ. ಚೌಕಟ್ಟು, ಅಡ್ಡಪಟ್ಟಿ, ಚಿಲಕ, ಚಿಲಕದ ನೆರಳು. ಆಚೆ ಒಂದು ರಸ್ತೆ, ಹೋಗುತ್ತಾ ಹೋಗುತ್ತಾ ಸಣ್ಣದಾಗಿ, ಕೊನೆಗೆ ಗುಂಡುಸೂಜಿಯ ತಲೆಯಷ್ಟು ಸ್ಟೇಷನ್ನು.

ಶನಿವಾರ ಹೆಡ್‌ಮೇಡಂ ಬಂದರು. ಗಟ್ಟಿ ದನಿ, ದಪ್ಪ ಗಾಜಿನ ಕನ್ನಡಕ. ಕೋಟು ತೆಗೆದುಕೊಂಡು ಪರದೆಯೊಳಗೆ ಹೋದರು. ಹಿಂದಿನ ಕೋಣೆಯಲ್ಲಿ ಮಾವ ಗಾಡಿ ಬಿಟ್ಟರು. ಬೆಂಚಿನ ಕೆಳಗೆ ಗರಗರ ಶುರುವಾಯಿತು. ನಾನು ಮಿಷನ್ನಿಗೆ ಬಟ್ಟೆಯನ್ನೂ ಹಾಕದೆ, ದಾರವನ್ನೂ ಹಾಕದೆ, ತುಳಿದೇ ತುಳಿದೆ. ಅತ್ತಿಗೆ ನನ್ನ ಕಾಲನ್ನು ನೋಡಿ ತುಟಿ ಕಚ್ಚಿಕೊಂಡರು.

ಒಳಗಿನಿಂದ ದನಿ ಬಂತು. "ಅಲ್ಲಮ್ಮ, ಒಂದು ವಿಷಯ ಹೇಳ್ಬೇಕಲ್ಲ."

ನನ್ನ ಕಾಲು ನಿಂತಿತು. ಗಾಡಿ ಮಾತ್ರ ನಿಲ್ಲಲಿಲ್ಲ.

"ಕೋಟು ಚೆನ್ನಾಗಿದೆ. ಆದ್ರೆ ಈ ಕಿಟಕಿಗೆ ಒಂದು ಪರದೆ ಹಾಕ್ಸಬಾರ್ದಾ? ರಸ್ತೇಲಿ ಹೋಗೋರಿಗೆಲ್ಲ ಕಾಣುತ್ತೆ."

ಅತ್ತಿಗೆಯ ಬಾಯಿಂದ ಎರಡು ಗುಂಡುಸೂಜಿ ಕೆಳಗೆ ಬಿದ್ದವು. "ಹಾಕಿಸ್ತೀನಿ ಮೇಡಂ. ಇವತ್ತೇ ಹಾಕಿಸ್ತೀನಿ," ಎಂದರು. ದನಿ ನಡುಗುತ್ತಿತ್ತು, ಅದು ಸಿಟ್ಟಿನಿಂದಲ್ಲ.

ಹೆಡ್‌ಮೇಡಂ ಇಪ್ಪತ್ತನಾಲ್ಕು ಕೋಟಿಗೂ ಅಳತೆಯ ಚೀಟಿ ಕೊಟ್ಟು ಹೋದರು. ಮಾವ ಹಿಂದಿನ ಕೋಣೆಯಿಂದ ಓಡಿ ಬಂದರು. "ತೂತಿನ ಬಗ್ಗೆ ಅವರು ಬಾಯೇ ಬಿಡಲಿಲ್ಲ. ಗೆದ್ವಿ."

ಆಗ ನಾನು ಸುಮ್ಮನಿರಬೇಕಿತ್ತು. ಆದರೆ ಮಾತು ಮಾತೇ ಅಲ್ಲವೇ. "ಇಲ್ಲ ಮಾವ. ಅತ್ತಿಗೆ ತೂತು ಅಂದಿರ್ಲಿಲ್ಲ. ಗೋಡೆ ಬಗ್ಗೆ ದೂರು ಅಂದಿದ್ರು. ಕಿಟಕಿ ಇರೋದು ಗೋಡೆ ಮೇಲೇ," ಎಂದೆ.

"ನಿನ್ನನ್ನ ಯಾರಮ್ಮ ಕೇಳಿದ್ದು?" ಎಂದರು ಮಾವ. ಮುಖ ಬಾಡಿಹೋಯಿತು.

ಅತ್ತಿಗೆ ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ಮೇಜಿಗೆ ಒರಗಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇರೋ ತೂತಿಗೆ ಗಾರೆ, ಇಲ್ಲದ ಕಿಟಕಿಗೆ ಪರದೆ. ಎರಡೂ ಒಂದೇ ದಿನ ನನ್ನ ಕೈಲಾಗಲ್ಲಪ್ಪ. ಗಿರಾಕಿ ಕೇಳಿದ್ದು ಪರದೆ. ಏಯ್ ಕಾಜಾ, ಆ ಹೂವಿನ ಬಟ್ಟೆ ತೆಗಿ."

ಸಂಜೆ ಗಾರೆಯವನು ಬಂದ. ಬಂದ ತಪ್ಪಿಗೆ ಅಂಗಡಿಯ ಮೆಟ್ಟಿಲು ಸರಿಮಾಡಿ ಹೋದ. ಹೋಗುವ ಮುಂಚೆ ಅರ್ಧ ಗಂಟೆ ಮಾವನ ಪಕ್ಕ ಕೂತು ಗಾಡಿ ಬೆಟ್ಟದ ಹಿಂದೆ ಹೋಗುವುದನ್ನು ನೋಡಿದ. ಕಿಟಕಿಗೆ ಈಗ ಹೂವಿನ ಪರದೆ ಇದೆ. ಗಿರಾಕಿಗಳು ಒಳಗೆ ಹೋದ ಕೂಡಲೇ ಅದನ್ನು ಎಳೆದುಕೊಳ್ಳುವ ಸದ್ದು ಕೇಳುತ್ತದೆ.

ಒಂದು ವಿಷಯ ಮಾತ್ರ ನನಗೆ ತಿಳಿಯದೇ ಉಳಿದಿದೆ. ಕೋಟು ಹಾಕಿಕೊಳ್ಳುವಾಗ ಹೆಡ್‌ಮೇಡಂ ಕನ್ನಡಕ ತೆಗೆದಿಟ್ಟಿದ್ದರೋ ಇಲ್ಲವೋ ನಾನು ನೋಡಲಿಲ್ಲ. ಅವರು ನಿಜವಾಗಿ ಮೋಸಹೋದರೋ, ಅಥವಾ ಬೆಂಚಿನ ಕೆಳಗಿನ ಗರಗರವನ್ನೂ ನನ್ನ ಖಾಲಿ ಮಿಷನ್ನಿನ ಸದ್ದನ್ನೂ ಕೇಳಿ, ಎಲ್ಲ ಅರ್ಥವಾಗಿ, ಬೇಕೆಂದೇ ಕಿಟಕಿಯ ಮಾತೆತ್ತಿದರೋ, ನನಗೆ ಗೊತ್ತಿಲ್ಲ. ಆಮೇಲೆ ಅವರು ಮೂರು ಸಲ ಬಂದರು. ಕೇಳಲು ನನಗೆ ಧೈರ್ಯ ಬರಲಿಲ್ಲ.